ಬೇರೆಯಾದ ಹಾಸಿಗೆ: ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ಒಂದು ದಾಂಪತ್ಯ

ಮೊದಲು ಬಂದವರು ಪತ್ನಿ, ಒಬ್ಬರೇ. 56 ವರ್ಷ. ಕೈಚೀಲವನ್ನು ಮಡಿಲಿನಿಂದ ಕೆಳಗಿಡದೆ ಕುರ್ಚಿಯ ಅಂಚಿನಲ್ಲಿ ಕುಳಿತು, ತಮಗೆ ತಿಳಿಯಬೇಕಾದದ್ದು ಒಂದೇ ಸಂಗತಿ ಎಂದರು. "ನಮ್ಮ ಯಜಮಾನರಿಗೆ ನನ್ನ ಮೇಲೆ ಬೇಸರವಿದೆಯೇ? ಅಷ್ಟನ್ನು ಕೇಳಿ ಹೇಳಿ ಮೇಡಂ. ಇದ್ದರೆ ಇರಲಿ, ತಿಳಿದುಬಿಟ್ಟರೆ ಸಾಕು."

ಅದಕ್ಕೆ ಹನ್ನೊಂದು ತಿಂಗಳ ಹಿಂದೆ, 61ನೇ ವಯಸ್ಸಿನಲ್ಲಿ, ಕ್ಯಾನ್ಸರ್ ಕಾರಣದಿಂದ ಪತಿಯ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯಲಾಗಿತ್ತು. ರೋಗ ಇನ್ನೂ ಗ್ರಂಥಿಯ ಒಳಗೇ ಇದ್ದಾಗ ಸಿಕ್ಕಿಬಿದ್ದಿತ್ತು. ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡಿಸಿದ ಪಿಎಸ್‌ಎ ರಕ್ತಪರೀಕ್ಷೆಯಲ್ಲಿ, ಪ್ರಾಸ್ಟೇಟ್ ತಯಾರಿಸುವ ಆ ಪ್ರೋಟೀನಿನ ಪ್ರಮಾಣ ಅಳತೆಗೆ ಸಿಗದಷ್ಟು ಕಡಿಮೆ. ಗ್ರಂಥಿ ಹೋದ ಮೇಲೆ ಇರಬೇಕಾದದ್ದೇ ಹಾಗೆ. ಶಸ್ತ್ರಚಿಕಿತ್ಸಕರಿಗೆ ಸಮಾಧಾನ, ಮಕ್ಕಳಿಗೆ ಸಮಾಧಾನ. 32 ವರ್ಷ ಜೊತೆಗೆ ಬಾಳಿದ ಇಬ್ಬರು ಮಾತ್ರ ಒಂದೇ ಸೂರಿನಡಿ ಅತಿಥಿಗಳ ಹಾಗೆ ಓಡಾಡಿಕೊಂಡಿದ್ದರು. ಇಷ್ಟು ತಿಂಗಳಲ್ಲಿ ಪತಿ ತಮ್ಮ ಕೈ ಹಿಡಿದದ್ದು ಒಂದೇ ಸಲ, ಅದೂ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ, ಎಂದು ಆಕೆ ಲೆಕ್ಕ ಹೇಳಿದರು.

ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ದಂಪತಿಗಳ ಜೊತೆ ಕೆಲಸ ಮಾಡುವ ಆಪ್ತ ಸಮಾಲೋಚಕಿ ನಾನು. ಇಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನೆಲ್ಲ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಇಂಥ ದಂಪತಿಗಳು ನನ್ನ ಬಳಿ ಬರುವ ಹೊತ್ತಿಗೆ, ತೊಂದರೆಯೆಲ್ಲ ಶಿಶ್ನದ ನಿಮಿರುವಿಕೆಯದ್ದೇ ಎಂದು ತೀರ್ಮಾನಿಸಿಯಾಗಿರುತ್ತದೆ. ಅದೊಂದು ಮರಳಿ ಬರಲಿ, ಮಿಕ್ಕದ್ದೆಲ್ಲ ತಾನಾಗಿ ಬರುತ್ತದೆ ಎಂದು ಕಾಯುತ್ತಿರುತ್ತಾರೆ. ಇವರ ವಿಷಯದಲ್ಲಿ ಆ ಕಾಯುವಿಕೆಯೇ ಶಸ್ತ್ರಚಿಕಿತ್ಸೆಗಿಂತ ಹೆಚ್ಚನ್ನು ಕಿತ್ತುಕೊಂಡಿತ್ತು.

ಪಕ್ಕದ ಕೋಣೆಯ ಮಂಚ

ಎರಡನೇ ಭೇಟಿಗೆ ಪತಿಯೂ ಬಂದರು. ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಕೇಳಿದೆ. ಇಬ್ಬರೂ ಒಮ್ಮೆಲೇ ಬಾಯಿ ತೆರೆದು, ಇಬ್ಬರೂ ಸುಮ್ಮನಾದರು.

ಮನೆಗೆ ಬಂದ ದಿನ ಅವರಿಗೆ ಕ್ಯಾಥೆಟರ್ ಇತ್ತು. ಮೂತ್ರದ ಚೀಲವನ್ನು ಮಂಚದ ಬದಿಗೆ ನೇತುಹಾಕಬೇಕು, ಕೊಳವೆ ಎಲ್ಲೂ ಜಗ್ಗಬಾರದು. ನಿದ್ದೆಯಲ್ಲಿ ತಮ್ಮ ಕಾಲು ತಗುಲೀತು ಎಂಬ ಭಯಕ್ಕೆ ಪತ್ನಿಯೇ ಪಕ್ಕದ ಕೋಣೆಯಲ್ಲಿ ಹಾಸಿಗೆ ಸಿದ್ಧಮಾಡಿಕೊಟ್ಟರು. ಹತ್ತನೇ ದಿನ ಕ್ಯಾಥೆಟರ್ ತೆಗೆದರು, ಮೂತ್ರ ಸೋರತೊಡಗಿತು. ಇದು ನಿರೀಕ್ಷಿತವೇ. ಮೂತ್ರವನ್ನು ತಡೆದಿಡುವ ಕೆಲಸದಲ್ಲಿ ಮೂತ್ರಕೋಶದ ಕೊರಳಿಗೂ ಪ್ರಾಸ್ಟೇಟ್‌ಗೂ ಪಾಲಿರುತ್ತದೆ. ಆ ಆಸರೆ ತಪ್ಪಿದ ಮೇಲೆ ಕೆಳಗಿನ ಸ್ನಾಯುವೊಂದೇ ಹೊರೆ ಹೊರಬೇಕು, ಅದಕ್ಕೆ ಬಲ ಬರಲು ತಿಂಗಳುಗಳು ಹಿಡಿಯುತ್ತವೆ. ಆ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವ, ವೈದ್ಯರು ಹೇಳಿಕೊಟ್ಟ ಕೆಗೆಲ್ ವ್ಯಾಯಾಮವನ್ನು ಇವರು ನಿಷ್ಠೆಯಿಂದ ಮಾಡಿದರು. ಮೊದಲು ದಿನಕ್ಕೆ ನಾಲ್ಕು ಪ್ಯಾಡ್, ನಾಲ್ಕನೇ ತಿಂಗಳಿಗೆ ಒಂದು, ಏಳನೇ ತಿಂಗಳಿಗೆ ಕೆಮ್ಮಿದಾಗ ಒಂದೆರಡು ಹನಿ.

ಅಲ್ಲಿಗೆ ಬೇರೆ ಮಲಗುವುದಕ್ಕೆ ಇದ್ದ ಕಾರಣ ಮುಗಿದಿತ್ತು. ಬನ್ನಿ ಎಂದು ಒಬ್ಬರು ಕರೆಯಲಿಲ್ಲ, ಬರುತ್ತೇನೆ ಎಂದು ಇನ್ನೊಬ್ಬರು ಹೇಳಲಿಲ್ಲ.

"ಇವಳು ಕರೆಯಲಿಲ್ಲ. ಬೇಡವಾಗಿರಬಹುದು ಅಂದುಕೊಂಡೆ" ಎಂದರು ಪತಿ.

"ಕರೆದರೆ ನಿಮಗೆ ಒತ್ತಾಯ ಮಾಡಿದಂತಾಗುತ್ತದೆ ಎಂದು ನಾನು ಸುಮ್ಮನಿದ್ದೆ" ಎಂದರು ಪತ್ನಿ. ಅವರ ಕಡೆ ನೋಡದೆ ಹೇಳಿದರು.

ರೋಗಿಯ ಅನುಕೂಲಕ್ಕೆಂದು ಪ್ರೀತಿಯಿಂದಲೇ ಮಾಡಿದ ತಾತ್ಕಾಲಿಕ ಏರ್ಪಾಡು ಇದು. ಅದನ್ನು ಯಾರೂ ರದ್ದು ಮಾಡಲಿಲ್ಲ, ಅಷ್ಟೇ. ಹನ್ನೊಂದು ತಿಂಗಳ ದೂರಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಹುಡುಕಿದೆ, ಸಿಗಲಿಲ್ಲ.

ಪತಿ ಒಬ್ಬರೇ ಇದ್ದಾಗ ಹೇಳಿದ್ದು

ಮುಂದಿನ ಎರಡು ಭೇಟಿಗಳಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಕಂಡೆ. ಪತಿ ಮೊದಲ ಅರ್ಧ ಗಂಟೆ ಪಿಎಸ್‌ಎ ಅಂಕಿಗಳನ್ನೇ ಹೇಳಿದರು. ಆಮೇಲೆ ಪರಿಚಯದವರೊಬ್ಬರ ಮಾತು ಬಂತು. ಅವರಿಗೂ "ಪ್ರಾಸ್ಟೇಟ್ ಆಪರೇಷನ್" ಆಗಿತ್ತಂತೆ, ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ಮೊದಲಿನಂತಾಯಿತಂತೆ. "ಅವರಿಗೆ ಆದದ್ದು ನನಗೇಕೆ ಆಗಲಿಲ್ಲ? ನನ್ನಲ್ಲೇ ಏನೋ ಕೊರತೆಯಿರಬೇಕು."

ಈ ಒಂದು ಹೆಸರು ಎಷ್ಟೋ ಗಂಡಸರನ್ನು ದಾರಿ ತಪ್ಪಿಸಿದೆ. ವಯಸ್ಸಾದಂತೆ ಊದಿಕೊಳ್ಳುವ ಪ್ರಾಸ್ಟೇಟ್‌ಗೆ ಮಾಡುವುದು ಬೇರೆ ಶಸ್ತ್ರಚಿಕಿತ್ಸೆ. ಅದರಲ್ಲಿ ಮೂತ್ರನಾಳದ ಮೂಲಕ ಹೋಗಿ ಅಡ್ಡವಾಗಿರುವ ಭಾಗವನ್ನಷ್ಟೇ ಕೆರೆದು ತೆಗೆಯುತ್ತಾರೆ. ವೀರ್ಯ ಹೊರಗೆ ಬರುವ ಬದಲು ಮೂತ್ರಕೋಶಕ್ಕೆ ಹಿಂದಿರುಗುವುದುಂಟು. ನಿಮಿರುವಿಕೆಗೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಕ್ಯಾನ್ಸರ್ ಬಂದಾಗ ಇಡೀ ಗ್ರಂಥಿಯ ಜೊತೆಗೆ ವೀರ್ಯಕೋಶಗಳೂ ಹೋಗುತ್ತವೆ. ನಿಮಿರುವಿಕೆಯ ನರಗಳು ಗ್ರಂಥಿಯ ಎರಡು ಬದಿಗೂ ಅಂಟಿಕೊಂಡಂತೆ ಸಾಗುತ್ತವೆ. ಅವು ಎಲ್ಲಿ ಹಾದುಹೋಗುತ್ತವೆ ಎಂಬುದೇ ಬಹುಕಾಲ ಶಸ್ತ್ರಚಿಕಿತ್ಸಕರಿಗೆ ಸ್ಪಷ್ಟವಿರಲಿಲ್ಲ. ಅಮೆರಿಕದ ಆಸ್ಪತ್ರೆ ಜಾನ್ಸ್ ಹಾಪ್ಕಿನ್ಸ್‌ನ ಶಸ್ತ್ರಚಿಕಿತ್ಸಕ ಪ್ಯಾಟ್ರಿಕ್ ವಾಲ್ಶ್ ಅವರು ನೆದರ್ಲೆಂಡ್ಸ್‌ನ ಮೂತ್ರರೋಗ ತಜ್ಞ ಪೀಟರ್ ಡಾಂಕರ್ ಜೊತೆ ಆ ನರಗಳ ಜಾಡು ಹಿಡಿದು, 1982ರಲ್ಲಿ ಅವುಗಳನ್ನು ಉಳಿಸಿಕೊಂಡು ಗ್ರಂಥಿ ತೆಗೆಯುವ ವಿಧಾನವನ್ನು ಆರಂಭಿಸಿದರು. ಅದಕ್ಕೆ ಮುಂಚೆ ಈ ಶಸ್ತ್ರಚಿಕಿತ್ಸೆಯೆಂದರೆ ಹೆಚ್ಚುಕಡಿಮೆ ಎಲ್ಲರಿಗೂ ನಿಮಿರುವಿಕೆ ಹೋಯಿತೆಂದೇ ಲೆಕ್ಕ.

ಇವರಿಗೆ ಒಂದು ಬದಿಯ ನರಗಳನ್ನು ಪೂರ್ತಿ ಉಳಿಸಲಾಗಿತ್ತು. ಇನ್ನೊಂದು ಬದಿಯಲ್ಲಿ ಗಡ್ಡೆ ತೀರ ಹತ್ತಿರವಿದ್ದುದರಿಂದ ಭಾಗಶಃ ಮಾತ್ರ. "ನರ ಉಳಿಸಿದ್ದೇವೆ" ಎಂದು ವೈದ್ಯರು ಹೇಳಿದ್ದನ್ನು ಇವರು "ನಾಳೆಯಿಂದ ಕೆಲಸ ಮಾಡುತ್ತವೆ" ಎಂದು ಕೇಳಿಸಿಕೊಂಡಿದ್ದರು. ಉಳಿದ ನರಗಳೂ ಶಸ್ತ್ರಚಿಕಿತ್ಸೆಯಲ್ಲಿ ಎಳೆತಕ್ಕೆ, ಶಾಖಕ್ಕೆ ಸಿಕ್ಕಿ ಮೂರ್ಛೆ ಹೋದಂತೆ ಸ್ತಬ್ಧವಾಗುತ್ತವೆ. ಎಚ್ಚರಗೊಳ್ಳಲು 18ರಿಂದ 24 ತಿಂಗಳು ಬೇಕಾಗಬಹುದು, ಕೆಲವರಿಗೆ ಇನ್ನೂ ಹೆಚ್ಚು. ಕೆಲವರಲ್ಲಿ ಅವು ಪೂರ್ತಿಯಾಗಿ ಚೇತರಿಸಿಕೊಳ್ಳುವುದೇ ಇಲ್ಲ. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಒಳಿತಾದದ್ದನ್ನು ನಾನು ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ಅವರು ನಾಲ್ಕನೇ ತಿಂಗಳಿನ ಒಂದು ರಾತ್ರಿಯನ್ನು ನೆನಪಿಸಿಕೊಂಡರು. ನಿಮಿರುವಿಕೆಗೆಂದು ವೈದ್ಯರು ಬರೆದುಕೊಟ್ಟ ಸಿಲ್ಡೆನಾಫಿಲ್ ಮಾತ್ರೆಯನ್ನು ಪತ್ನಿಗೆ ತಿಳಿಸದೆ, ಹೊಟ್ಟೆ ತುಂಬ ಊಟ ಮಾಡಿದ ಮೇಲೆ ನುಂಗಿ, ಪಕ್ಕದ ಕೋಣೆಯಲ್ಲಿ ದೀಪ ಆರಿಸಿ ಮಲಗಿ ಕಾದಿದ್ದರು. ಗಂಟೆಯಾಯಿತು, ಎರಡು ಗಂಟೆಯಾಯಿತು. ಏನೂ ಆಗಲಿಲ್ಲ. "ಅವತ್ತೇ ಮುಗಿಯಿತು ಅಂದುಕೊಂಡೆ. ಪೂರ್ತಿ ಸರಿಹೋಗುವ ತನಕ ಅವಳ ಹತ್ತಿರ ಹೋಗಬಾರದು, ಆಸೆ ಹುಟ್ಟಿಸಿ ನಿರಾಸೆ ಮಾಡಬಾರದು ಎಂದು ನಿರ್ಧರಿಸಿದೆ."

ಆ ರಾತ್ರಿ ಸೋಲಲೇಬೇಕಿತ್ತು. ಜಿಡ್ಡಿನ ಭಾರಿ ಊಟದ ಮೇಲೆ ಆ ಮಾತ್ರೆ ರಕ್ತಕ್ಕೆ ಸೇರುವುದು ನಿಧಾನ. ಸ್ಪರ್ಶವಿಲ್ಲದೆ, ಮನಸ್ಸಿನ ಪ್ರಚೋದನೆಯಿಲ್ಲದೆ ಅದು ತನ್ನಷ್ಟಕ್ಕೆ ನಿಮಿರುವಿಕೆ ತರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನರ ಕಳಿಸುವ ಸಂದೇಶವನ್ನು ಅದು ಬಲಪಡಿಸುತ್ತದೆಯೇ ಹೊರತು ತಾನೇ ಸಂದೇಶ ಕಳಿಸುವುದಿಲ್ಲ. ನಾಲ್ಕನೇ ತಿಂಗಳಲ್ಲಿ ಆ ನರಗಳು ಇನ್ನೂ ಮೌನವಾಗಿದ್ದವು. ಕತ್ತಲಲ್ಲಿ ಒಬ್ಬರೇ ಬರೆದ ಆ ಪರೀಕ್ಷೆಯ ಫಲಿತಾಂಶವನ್ನು ಏಳು ತಿಂಗಳು ಎದೆಯಲ್ಲಿಟ್ಟುಕೊಂಡು ಓಡಾಡಿದ್ದರಲ್ಲ, ಅದನ್ನು ಕೇಳಿ ನನಗೆ ತುಂಬ ಸಂಕಟವಾಯಿತು. ಮಾತ್ರೆ ಬರೆದುಕೊಟ್ಟಾಗ ಈ ಮೂರು ವಾಕ್ಯಗಳನ್ನು, ಅದೂ ಇಬ್ಬರನ್ನೂ ಕೂರಿಸಿಕೊಂಡು, ಹೇಳಲು ಐದು ನಿಮಿಷ ಸಾಕಾಗುತ್ತಿತ್ತು.

ಪತ್ನಿಯ ನಿರಾಳ

ಆಕೆಯ ಮಾತಿನಲ್ಲಿ ನಾನು ನಿರೀಕ್ಷಿಸದೇ ಇದ್ದದ್ದು ಒಂದಿತ್ತು. ಮುಟ್ಟು ನಿಂತು ಐದು ವರ್ಷವಾಗಿತ್ತು. ಅಂದಿನಿಂದ ಒಣಗಿದ ಯೋನಿಯಲ್ಲಿ ಉರಿ, ನೋವು. ಪತಿಗೆ ಹೇಳಿರಲಿಲ್ಲ, ಹಲ್ಲು ಕಚ್ಚಿ ಸಹಿಸಿದ್ದರು. "ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ನನಗೆ ಸ್ವಲ್ಪ ನಿರಾಳವೇ ಆಗಿತ್ತು ಮೇಡಂ. ಗಂಡನಿಗೆ ಕ್ಯಾನ್ಸರ್, ನನಗೆ ನಿರಾಳ. ನಾನೆಂಥ ಹೆಂಗಸು?"

ಆ ಪಾಪಪ್ರಜ್ಞೆಯೇ ಅವರನ್ನು ಕಟ್ಟಿಹಾಕಿತ್ತು. ತಾವಾಗಿ ಹತ್ತಿರ ಹೋದರೆ ಅದು ಬೂಟಾಟಿಕೆಯಾಗುತ್ತದೆ ಎಂದುಕೊಂಡಿದ್ದರು. ಆದರೆ ಆಕೆಗೆ ಬೇಡವಾಗಿದ್ದದ್ದು ನೋವು ಮಾತ್ರ. ಬೆನ್ನ ಮೇಲೆ ಕೈಯಿಟ್ಟು ಮಲಗುವುದು, ಬೆಳಗಿನ ಜಾವದಲ್ಲಿ ಕಾಲಿಗೆ ಕಾಲು ತಾಗಿಸಿ ಮಾತಾಡುವುದು, ಇವೆಲ್ಲ ಬೇಕೇ ಬೇಕಿತ್ತು. ನೋವನ್ನು ಕಳೆದುಕೊಳ್ಳುವಾಗ ಇವೂ ಒಟ್ಟಿಗೇ ಹೋಗಿಬಿಟ್ಟಿದ್ದವು.

ಇನ್ನೊಂದು ಭಯವನ್ನು ಆಕೆ ಯಾರ ಬಳಿಯೂ ಕೇಳಿರಲಿಲ್ಲ: ಕೂಡಿದರೆ ತಮಗೂ ಕ್ಯಾನ್ಸರ್ ಅಂಟೀತೇ, ಅವರಿಗೆ ಮರುಕಳಿಸೀತೇ? ಎರಡೂ ಇಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಸ್ಪರ್ಶದಿಂದಾಗಲಿ ಸಂಭೋಗದಿಂದಾಗಲಿ ಹರಡುವುದಿಲ್ಲ, ಸಂಭೋಗ ಅದನ್ನು ಮರಳಿ ಕರೆಯುವುದೂ ಇಲ್ಲ. ಒಂದೇ ವಾಕ್ಯದ ಉತ್ತರ. ಒಣಗುವಿಕೆಗೂ ದಾರಿಯಿದೆ: ಲೂಬ್ರಿಕೆಂಟ್ ಜೆಲ್, ಸಾಲದಿದ್ದರೆ ಸ್ತ್ರೀರೋಗ ತಜ್ಞರು ಪರೀಕ್ಷಿಸಿ ಕೊಡುವ ಈಸ್ಟ್ರೊಜೆನ್ ಮುಲಾಮು. ಪತಿಯ ಚಿಕಿತ್ಸೆಯ ಕಡತದಲ್ಲಿ ಪತ್ನಿಯ ದೇಹಕ್ಕೆ ಒಂದು ಸಾಲಿನ ಜಾಗವೂ ಇರುವುದಿಲ್ಲ. ಇಬ್ಬರ ಸುಖದ ವಿಚಾರದಲ್ಲಿ ಇದು ನನಗೆ ಈಗಲೂ ಅನ್ಯಾಯವೆಂದೇ ತೋರುತ್ತದೆ.

ನನ್ನ ಅವಸರ

ಇಷ್ಟೆಲ್ಲ ತಿಳಿದ ಮೇಲೆ ನಾನು ಒಂದು ತಪ್ಪು ಮಾಡಿದೆ. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಅವರಿಂದ ಬಂದ ಸ್ಪರ್ಶದ ಅಭ್ಯಾಸವೊಂದಿದೆ. ಸಂಭೋಗವನ್ನು ಇಬ್ಬರೂ ಮಾತಾಡಿಕೊಂಡು ಬದಿಗಿಡುತ್ತಾರೆ. ಒಬ್ಬರು ಮಲಗುತ್ತಾರೆ, ಇನ್ನೊಬ್ಬರು ಮೈಯನ್ನು ನಿಧಾನವಾಗಿ ಮುಟ್ಟುತ್ತಾರೆ. ಮೊದಮೊದಲು ಸ್ತನ, ಜನನಾಂಗಗಳನ್ನು ಮುಟ್ಟುವುದಿಲ್ಲ. ಎಲ್ಲಿ ಹಿತವಾಯಿತು, ಎಲ್ಲಿ ಆಗಲಿಲ್ಲ ಎಂದು ಹೇಳಿಕೊಳ್ಳುವುದಷ್ಟೇ ಕೆಲಸ. ಇಬ್ಬರೂ ಒಪ್ಪಿದರು, ಮನೆಯಲ್ಲಿ ಮಾಡಲು ಹೇಳಿ ಕಳಿಸಿದೆ. ಹತ್ತು ನಿಮಿಷದೊಳಗೆ ಪತಿ ಎದ್ದು ಹೊರಗೆ ಹೋದರಂತೆ. ಪತ್ನಿ ಮತ್ತೆ ಹಳೆಯ ಪ್ರಶ್ನೆಗೇ ಬಂದು ನಿಂತರು: "ನನ್ನ ಮೇಲೆ ಬೇಸರವೇ?"

ಅವರು ಎದ್ದು ಹೋದ ಕಾರಣ ತಿಳಿಯಲು ಇನ್ನೊಂದು ಭೇಟಿ ಬೇಕಾಯಿತು. ಆರನೇ ತಿಂಗಳಲ್ಲಿ, ಒಬ್ಬರೇ ಇದ್ದಾಗ, ಶಿಶ್ನ ನಿಮಿರದೆಯೇ ಅವರಿಗೆ ಸುಖದ ತುದಿ ಮುಟ್ಟಿತ್ತು. ವೀರ್ಯ ಬರಲಿಲ್ಲ, ಬದಲಿಗೆ ಮೂತ್ರ ಚಿಮ್ಮಿತು. ಒಳಗೆ ಏನೋ ಹರಿದುಹೋಗಿದೆ ಎಂದು ಹೆದರಿ, ಆ ಬಟ್ಟೆಯನ್ನು ರಾತ್ರೋರಾತ್ರಿ ತೊಳೆದು ಒಣಗಿಸಿದ್ದರು. ಪತ್ನಿಯ ಎದುರು ಹಾಗಾದರೆ? ಆ ದಿಗಿಲಿಗೆ ಎದ್ದಿದ್ದರು.

ನಾನು ಕೇಳಬೇಕಿದ್ದ ಪ್ರಶ್ನೆ ಇದು. ಪ್ಯಾಡ್ ಲೆಕ್ಕ ಕೇಳಿದ್ದೆ, ಸುಖದ ಹೊತ್ತಿನ ಸೋರಿಕೆಯ ಬಗ್ಗೆ ಕೇಳಿರಲಿಲ್ಲ. ಈ ಶಸ್ತ್ರಚಿಕಿತ್ಸೆಯ ನಂತರ ಅನೇಕರಿಗೆ ಹೀಗಾಗುತ್ತದೆ, ಹಲವರಲ್ಲಿ ಕಾಲಕ್ರಮೇಣ ತಗ್ಗುತ್ತದೆ. ಮುಂಚೆ ಮೂತ್ರ ಮಾಡಿ ಬರುವುದು, ಒಂದು ಟವೆಲ್ ಹಾಸಿಕೊಳ್ಳುವುದು, ಕಾಂಡೋಮ್ ಅಥವಾ ಬುಡಕ್ಕೆ ಹಾಕುವ ಉಂಗುರ, ಮುಂದುವರಿಸಿದ ಕೆಗೆಲ್ ವ್ಯಾಯಾಮ, ಇವುಗಳಿಂದ ನಿಭಾಯಿಸಬಹುದು. ವೀರ್ಯ ಇನ್ನು ಮುಂದೆ ಬರುವುದೇ ಇಲ್ಲ. ಅದನ್ನು ತಯಾರಿಸುವ ಗ್ರಂಥಿಗಳೂ ಸಾಗಿಸುವ ನಾಳವೂ ಉಳಿದಿಲ್ಲ.

ಆದರೆ ಅವರು ಕೇಡೆಂದು ತಿಳಿದದ್ದರಲ್ಲಿ ಒಂದು ಒಳ್ಳೆಯ ಸುದ್ದಿ ಅಡಗಿತ್ತು. ನಿಮಿರುವಿಕೆಯ ನರ ಬೇರೆ, ಚರ್ಮದ ಸ್ಪರ್ಶವನ್ನೂ ಸುಖದ ತುದಿಯನ್ನೂ ಒಯ್ಯುವ ನರ ಬೇರೆ. ಎರಡನೆಯದು ಪ್ರಾಸ್ಟೇಟ್‌ನಿಂದ ದೂರ ಸಾಗುತ್ತದೆ, ಆದ್ದರಿಂದ ಸಾಮಾನ್ಯವಾಗಿ ಉಳಿಯುತ್ತದೆ. ಆಸೆಗೆ ಬೇಕಾದ ಟೆಸ್ಟೊಸ್ಟೆರಾನ್ ಹುಟ್ಟುವುದು ವೃಷಣಗಳಲ್ಲಿ. ಅವನ್ನು ಯಾರೂ ಮುಟ್ಟಿಲ್ಲ, ಇವರಿಗೆ ಹಾರ್ಮೋನ್ ತಗ್ಗಿಸುವ ಚಿಕಿತ್ಸೆಯನ್ನೂ ಕೊಟ್ಟಿಲ್ಲ. ಆಸೆಯಿದೆ, ಸ್ಪರ್ಶವಿದೆ, ಸುಖವಿದೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಆ ಕಾಗದ ಬೇಕೆಂದು ಕೇಳಿ ತೆಗೆದುಕೊಂಡು ಹೋದರು. ಪತ್ನಿಗೆ ತೋರಿಸಿದರು ಎಂದು ಮುಂದಿನ ವಾರ ತಿಳಿಯಿತು. ಹನ್ನೆರಡು ತಿಂಗಳಲ್ಲಿ ಈ ವಿಷಯದ ಬಗ್ಗೆ ಅವರು ತಾವಾಗಿ ಆಡಿದ ಮೊದಲ ಮಾತು ಆ ಚಿತ್ರದ ಮೂಲಕವೇ ಬಂತು.

ಮರಳಿ ಒಂದೇ ಹಾಸಿಗೆಗೆ

ಎರಡನೇ ಸಲ ಅಭ್ಯಾಸವನ್ನೆಲ್ಲ ಬದಿಗಿಟ್ಟೆ. ಕೇಳಿಕೊಂಡದ್ದು ಒಂದೇ: ಇವತ್ತು ರಾತ್ರಿಯಿಂದ ಒಂದೇ ಕೋಣೆ, ಒಂದೇ ಹಾಸಿಗೆ, ಬೇರೇನೂ ಬೇಡ. ಮುಟ್ಟಬೇಕೆಂಬ ಕಡ್ಡಾಯವೂ ಇಲ್ಲ. ಮೊದಲ ರಾತ್ರಿ ಪತಿಗೆ ನಿದ್ದೆ ಬರಲಿಲ್ಲ, ಸೋರೀತೆಂದು ಎರಡು ಸಲ ಎದ್ದರು. ಮೂರನೇ ದಿನ ಪತ್ನಿಯೇ ಒಂದು ದಪ್ಪ ಟವೆಲನ್ನು ಮಡಚಿ ಅವರ ಕಡೆ ಹಾಸಿ, "ಸೋರಿದರೆ ಸೋರಲಿ, ತೊಳೆಯುವುದಕ್ಕೆ ನೀರಿದೆ" ಎಂದರಂತೆ. ಇದನ್ನು ಹೇಳುವಾಗ ಪತಿಯ ಕಣ್ಣು ತುಂಬಿತ್ತು.

ಸ್ಪರ್ಶದ ಅಭ್ಯಾಸಕ್ಕೆ ಮರಳಿದ್ದು ಮೂರು ವಾರಗಳ ನಂತರ. ನಿಮಿರುವಿಕೆಯನ್ನು ಯಾರೂ ಪರೀಕ್ಷಿಸುವಂತಿಲ್ಲ ಎಂಬುದೊಂದೇ ಷರತ್ತು. ಅವರು ಕಂಡುಕೊಂಡದ್ದರ ವಿವರ ಅವರಿಬ್ಬರದ್ದು. ಇಷ್ಟು ಹೇಳಬಲ್ಲೆ: ಸಂಭೋಗವಿಲ್ಲದೆಯೂ ಇಬ್ಬರಿಗೂ ಸುಖ ಸಿಗುತ್ತದೆ ಎಂಬುದು 32 ವರ್ಷಗಳ ದಾಂಪತ್ಯದಲ್ಲಿ ಅವರಿಗೆ ಹೊಸ ಸಂಗತಿಯಾಗಿತ್ತು, ಮುಖ್ಯವಾಗಿ ಆಕೆಗೆ.

ಹದಿನೈದನೇ ತಿಂಗಳಲ್ಲಿ ಇಬ್ಬರೂ ಒಟ್ಟಿಗೆ ಮೂತ್ರರೋಗ ತಜ್ಞರನ್ನು ಕಂಡರು. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಎಂದಿದ್ದೆ, ಏಕೆಂದರೆ ಆ ಕುರ್ಚಿಯಲ್ಲಿ ಕುಳಿತ ಕೂಡಲೇ ನಾಲಿಗೆ ಒಣಗುತ್ತದೆ. ಹೃದಯದ ತಪಾಸಣೆಯಾಯಿತು, ಏಕೆಂದರೆ ಎದೆನೋವಿಗೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳನ್ನು ಮುಟ್ಟಲೇಬಾರದು. ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಇವರಿಗೆ ಆ ಅಡ್ಡಿಯಿರಲಿಲ್ಲ. ಈ ಸಲ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಪತ್ನಿಗೆ ತಿಳಿಸಿ, ಜೊತೆಯಲ್ಲಿದ್ದು ತೆಗೆದುಕೊಂಡರು. ಅರೆಬರೆ ನಿಮಿರಿತು. ಅಷ್ಟಕ್ಕೇ ಅವರು ನನಗೆ ಫೋನ್ ಮಾಡಿದರು.

ನಿರ್ವಾತ ಪಂಪ್ ಇಬ್ಬರಿಗೂ ಹಿಡಿಸಲಿಲ್ಲ. ಕೊಳವೆಯೊಳಗೆ ಗಾಳಿ ಎಳೆದು ರಕ್ತ ತುಂಬಿಸಿ, ಬುಡಕ್ಕೆ ಉಂಗುರ ಹಾಕಬೇಕು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅದನ್ನು ಬಿಡುವಂತಿಲ್ಲ. ಅಂಗ ತಣ್ಣಗಿರುತ್ತದೆ, ಬಣ್ಣ ನೀಲಿಗಟ್ಟುತ್ತದೆ. ಬೇರೆಯವರಿಗೆ ಇದೇ ಸಾಕಾದದ್ದೂ ಉಂಟು. ಇವರಿಗೆ ಒದಗಿದ್ದು ಚುಚ್ಚುಮದ್ದು: ಆಲ್ಪ್ರೊಸ್ಟಡಿಲ್ ಎಂಬ ಔಷಧವನ್ನು ತೀರ ಸಣ್ಣ ಸೂಜಿಯಿಂದ ಶಿಶ್ನದ ಬದಿಗೆ ಚುಚ್ಚುವುದು. ಅದು ರಕ್ತನಾಳಗಳ ಮೇಲೆ ನೇರವಾಗಿ ಕೆಲಸ ಮಾಡುವುದರಿಂದ ನರ ಎಚ್ಚರವಾಗುವ ತನಕ ಕಾಯಬೇಕಿಲ್ಲ. ಹೆಸರು ಕೇಳಿಯೇ ಅವರ ಮುಖ ಬಿಳಿಚಿಕೊಂಡಿತ್ತು. ಮೊದಲ ಪ್ರಮಾಣವನ್ನು ಆಸ್ಪತ್ರೆಯಲ್ಲೇ ಕೊಟ್ಟು ಕಲಿಸಿದರು. ನಿಮಿರುವಿಕೆ ನಾಲ್ಕು ಗಂಟೆ ಮೀರಿದರೆ ನಾಚಿಕೆಪಡದೆ ತುರ್ತು ವಿಭಾಗಕ್ಕೆ ಓಡಬೇಕು, ಇಲ್ಲವಾದರೆ ಅಂಗಾಂಶಕ್ಕೆ ಕಾಯಂ ಹಾನಿ ಎಂದು ಎರಡೆರಡು ಸಲ ಎಚ್ಚರಿಸಿದರು. ಹದಿನಾರನೇ ತಿಂಗಳಿನಿಂದ ಎರಡು ವಾರಕ್ಕೊಮ್ಮೆ ಅದನ್ನು ಬಳಸಿದರು. ಪತ್ನಿ ಅಷ್ಟರಲ್ಲಿ ಮುಲಾಮು ಶುರುಮಾಡಿದ್ದರು, ನೋವಿರಲಿಲ್ಲ. ತಮಗೆ ನೋವಾಗುತ್ತಿತ್ತು ಎಂಬುದನ್ನು ಐದು ವರ್ಷಗಳ ಮೇಲೆ ಪತಿಗೆ ಹೇಳಿದ್ದೂ ಆಗಲೇ. "ನನಗೆ ಹೇಳಬಾರದಿತ್ತೇ ನೀನು" ಎಂದು ಅವರು ಒಂದು ದಿನವೆಲ್ಲ ಮಂಕಾಗಿದ್ದರಂತೆ.

ಇಪ್ಪತ್ತೈದನೇ ತಿಂಗಳು

ಕೊನೆಯ ಬಾರಿ ಕಂಡಾಗ ಮಾತ್ರೆಯೊಂದೇ ಅನೇಕ ಸಲ ಸಾಕಾಗುತ್ತಿತ್ತು. ಬೆಳಗಿನ ಹೊತ್ತು ತಾನಾಗಿ ಸ್ವಲ್ಪ ನಿಮಿರುವುದೂ ಶುರುವಾಗಿತ್ತು. ಚುಚ್ಚುಮದ್ದು ತಿಂಗಳಿಗೊಮ್ಮೆಗೆ ಇಳಿದಿತ್ತು. ಶಸ್ತ್ರಚಿಕಿತ್ಸೆಗೆ ಮುಂಚಿನ ಸ್ಥಿತಿ ಬಂದಿಲ್ಲ, ಬರುತ್ತದೆಂದು ನಾನು ಹೇಳಿಲ್ಲ. ಅಂಗದ ಉದ್ದ ಕೊಂಚ ಕುಗ್ಗಿದೆ. ಇದೂ ಈ ಶಸ್ತ್ರಚಿಕಿತ್ಸೆಯ ನಂತರ ಕಂಡುಬರುವಂಥದ್ದೇ. ಪತ್ನಿಗೆ ಅದು ಲೆಕ್ಕಕ್ಕಿಲ್ಲ. ಪತಿಗೆ ಮಾತ್ರ ಕನ್ನಡಿಯ ಮುಂದೆ ಈಗಲೂ ಚುಚ್ಚುತ್ತದೆ. ಆ ದುಃಖವನ್ನು ಸಮಾಧಾನದ ಮಾತಿನಿಂದ ಮುಚ್ಚಲು ನಾನು ಹೋಗಲಿಲ್ಲ. ಕಳೆದುಕೊಂಡದ್ದಕ್ಕೆ ಅಳುವ ಹಕ್ಕು ಅವರಿಗಿದೆ.

ಪಿಎಸ್‌ಎ ಪರೀಕ್ಷೆ ಹತ್ತಿರ ಬಂದಾಗ ಒಂದು ವಾರ ಅವರು ಮತ್ತೆ ಚಿಪ್ಪಿನೊಳಗೆ ಸೇರುತ್ತಾರೆ. ಮೊದಲು ಪತ್ನಿ ಅದನ್ನು ತಮ್ಮ ಮೇಲಿನ ಬೇಸರವೆಂದು ಓದುತ್ತಿದ್ದರು. ಈಗ ಪರೀಕ್ಷೆಯ ದಿನಾಂಕ ಇಬ್ಬರ ಮೊಬೈಲ್‌ನಲ್ಲೂ ಇದೆ. ಆ ವಾರ ಅವರು "ನನಗೆ ಭಯವಾಗುತ್ತಿದೆ" ಎಂದು ಬಾಯಿಬಿಟ್ಟು ಹೇಳಬೇಕು, ಆಕೆ ಅದಕ್ಕೆ ಉಪದೇಶ ಮಾಡಬಾರದು ಎಂದು ಮಾತಾಗಿದೆ. ಕಳೆದ ಸಲ ಅವರು ಹೇಳಲು ಮೂರು ದಿನ ತಡಮಾಡಿದರು.

ಹೊರಡುವ ಮುಂಚೆ ಪತಿ ಇನ್ನೊಂದು ವಿಷಯ ಎತ್ತಿದರು: ನಿಮಿರುವಿಕೆಗೆಂದು ಶಿಶ್ನದ ಒಳಗೆ ಅಳವಡಿಸುವ ಕೃತಕ ಸಾಧನ. ಒಮ್ಮೆ ಹಾಕಿಸಿಕೊಂಡರೆ ಸಹಜ ನಿಮಿರುವಿಕೆಗೆ ಮರಳುವ ದಾರಿ ಮುಚ್ಚುತ್ತದೆ, ಚೇತರಿಕೆ ಕಾಣುತ್ತಿರುವಾಗ ಅವಸರ ಬೇಡ ಎಂದು ತಜ್ಞರು ಹೇಳಿದ್ದಾರಂತೆ. ಪತ್ನಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಎಂದರೆ ಎದೆ ನಡುಗುತ್ತದೆ. ಪತಿಗೆ ಅದು ಬೇಕೆನಿಸುತ್ತದೆ. ಈ ಭಿನ್ನಾಭಿಪ್ರಾಯವನ್ನು ಇಬ್ಬರೂ ನನ್ನೆದುರೇ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಜೋರಾಗಿಯೇ ಮಾತಾಡಿದರು. ಮಾತು ಅಲ್ಲಿ ಮುಗಿಯಲಿಲ್ಲ. ಮುಂದಿನ ತಿಂಗಳಿಗೆ ಇನ್ನೊಂದು ಭೇಟಿಯ ದಿನ ಗೊತ್ತುಮಾಡಿಕೊಂಡು ಹೋದರು.